ತಾಲ್ಲೂಕು ಕಚೇರಿಯ ಕೌಂಟರಿನಿಂದ ಕೋಡ್ ಬರೆಯುವ ಮೇಜಿನವರೆಗೆ

2024ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಕೆಲಸ ನಿಲ್ಲಿಸಿ ತಾಲ್ಲೂಕು ಕಚೇರಿಗಳ ಮುಂದೆ ಧರಣಿ ಕುಳಿತರು. ಬಡ್ತಿ, ವರ್ಗಾವಣೆ, ಕೂರಲು ಕಚೇರಿ, ಮೇಜು–ಕುರ್ಚಿ ಇವೆಲ್ಲ ಬೇಡಿಕೆಯ ಪಟ್ಟಿಯಲ್ಲಿದ್ದವು. ಜೊತೆಗೆ ಇನ್ನೊಂದು ದೂರಿತ್ತು. ಹತ್ತಾರು ಆ್ಯಪ್‌ಗಳಲ್ಲಿ ಮಾಹಿತಿ ತುಂಬಬೇಕು, ಆದರೆ ಅದಕ್ಕೆ ತಕ್ಕ ಮೊಬೈಲಿಲ್ಲ, ಲ್ಯಾಪ್‌ಟಾಪಿಲ್ಲ, ಇಂಟರ್ನೆಟ್ಟಿಲ್ಲ. ಪತ್ರಿಕೆಗಳಲ್ಲಿ ಇದು ನೌಕರರ ಮುಷ್ಕರದ ಸುದ್ದಿಯಾಗಿ ಬಂತು, ಹೋಯಿತು. ನನ್ನ ಮಟ್ಟಿಗೆ ಅದು ಆ ವರ್ಷ ಕರ್ನಾಟಕದ ತಂತ್ರಾಂಶ ಉದ್ಯಮಕ್ಕೆ ಸಂಬಂಧಿಸಿದ ದೊಡ್ಡ ಸುದ್ದಿಗಳಲ್ಲೊಂದು. ತಂತ್ರಾಂಶವನ್ನು ದಿನವಿಡೀ ಬಳಸುವ ಸಾವಿರಾರು ಜನ, ಅದನ್ನು ಮಾಡಿಸಿದವರಿಗೆ ತಮ್ಮ ಕಷ್ಟ ಮುಟ್ಟಿಸಲು ಬೀದಿಗೆ ಇಳಿಯಬೇಕಾಯಿತು.

ಬಳಸುವವರನ್ನು ನಡುವಿನಲ್ಲಿಟ್ಟುಕೊಂಡು ತಂತ್ರಾಂಶ ಕಟ್ಟಬೇಕು ಎಂಬ ಮಾತು ಹೊಸದೇನಲ್ಲ. ಐಬಿಎಂನ ಜಾನ್ ಗೌಲ್ಡ್ ಮತ್ತು ಕ್ಲೇಟನ್ ಲೂಯಿಸ್ 1985ರಲ್ಲೇ ಅದರ ಮೂರು ಸೂತ್ರಗಳನ್ನು ಬರೆದಿಟ್ಟರು: ಮೊದಲ ದಿನದಿಂದಲೇ ಬಳಸುವವರ ಜೊತೆಗಿರಿ, ಅವರ ಕೈಗೆ ಕೊಟ್ಟು ಅಳೆದು ನೋಡಿ, ತಪ್ಪು ಕಂಡರೆ ತಿದ್ದಿ ಮತ್ತೆ ಕೊಡಿ. ಕೇಳಿದರೆ ಇದು ಯಾರಿಗೆ ಗೊತ್ತಿಲ್ಲ ಅನ್ನಿಸುತ್ತದೆ. ಅವರಿಗೂ ಆ ಅನುಮಾನವಿತ್ತು. ಹಾಗಾಗಿ ವಿನ್ಯಾಸದ ಕೆಲಸದಲ್ಲಿದ್ದ 447 ಮಂದಿಗೆ, ಒಂದು ವ್ಯವಸ್ಥೆ ಕಟ್ಟುವಾಗ ಏನೇನು ಮಾಡಬೇಕು ಎಂದು ಕೇಳಿದರು. ಮೂರನ್ನೂ ಬರೆದವರು ನೂರಕ್ಕೆ 16 ಮಂದಿ. ಗೌಲ್ಡ್ ಇದ್ದ ಐಬಿಎಂ ತಂಡ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರೀಡಾಪಟುಗಳು ಧ್ವನಿ ಸಂದೇಶ ಕಳಿಸುವ, ಕೇಳಿಸಿಕೊಳ್ಳುವ ವ್ಯವಸ್ಥೆ ಮಾಡುವಾಗ ಅದರ ಮಾದರಿಯನ್ನು ತಮ್ಮ ಪ್ರಯೋಗಾಲಯದ ಓಣಿಯಲ್ಲೇ ನಿಲ್ಲಿಸಿತ್ತು. ಹೋಗಿ ಬರುವವರೆಲ್ಲ ಮುಟ್ಟಿ ನೋಡಿ ಗೊಣಗಿದ್ದೆಲ್ಲ ತಿದ್ದುಪಡಿಗೆ ಸರಕಾಯಿತು. ಮುಂದೆ 1999ರಲ್ಲಿ ಈ ವಿಧಾನಕ್ಕೆ ಐಎಸ್‌ಒ 13407 ಎಂಬ ಅಂತರರಾಷ್ಟ್ರೀಯ ಮಾನಕವೂ ಬಂತು. 2010ರಲ್ಲಿ ಅದನ್ನೇ 9241–210 ಎಂದು ಹೊಸದಾಗಿ ಬರೆದರು.

ಅಂದರೆ ಈಗ ಕೊರತೆ ಇರುವುದು ತಿಳಿವಳಿಕೆಯಲ್ಲಲ್ಲ. ತಿಳಿದದ್ದನ್ನು ಮಾಡಲು ಸಂಸ್ಥೆಯ ನಡವಳಿಕೆ ಬಿಡುತ್ತದೆಯೇ ಎಂಬುದೇ ಪ್ರಶ್ನೆ. ಇದನ್ನು ನೋಡಲು ಬೆಂಗಳೂರಿನ ಗಾಜಿನ ಕಟ್ಟಡಗಳಿಗಿಂತ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ತಾಲ್ಲೂಕು ಕಚೇರಿ, ನಾಡಕಚೇರಿಗಳು ಒಳ್ಳೆಯ ಜಾಗ. ತಂತ್ರಾಂಶ ಹುಟ್ಟುವುದು ಅಲ್ಲಿ, ಅದರ ಜೊತೆ ಬದುಕುವುದು ಇಲ್ಲಿ.

ಈ ಭಾಗದ ಸೇವಾ ಕೇಂದ್ರವೊಂದರಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ವಯಸ್ಸಾದ ಹೆಂಗಸೊಬ್ಬರು ತಮ್ಮ ಜಮೀನಿನ ವಿವರವನ್ನು ಆಧಾರ್‌ಗೆ ಜೋಡಿಸಲು ಬಂದಿದ್ದರು. ಪಹಣಿಯಲ್ಲಿ ಅವರ ಹೆಸರು ಗಂಡನ ಹೆಸರಿನ ಜೊತೆ ‘ಕೋಂ’ ಸೇರಿಕೊಂಡು ಉದ್ದಕ್ಕೆ ಇದೆ. ಆಧಾರ್‌ನಲ್ಲಿ ಬರೀ ಹೆಸರು, ಅದೂ ಇಂಗ್ಲಿಷಿನಿಂದ ಕನ್ನಡಕ್ಕೆ ಯಂತ್ರವೇ ತಿರುಗಿಸಿದ್ದು. ‘ಮ್ಮ’ ಹೋಗಿ ‘ಮಾ’ ಆಗಿದೆ. ಹೆಸರು ಹೊಂದುತ್ತಿಲ್ಲ ಎಂದು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಕೆಂಪು ಸಾಲು ಬಂತು. ಕೇಂದ್ರದ ಹುಡುಗ ಹೇಗೋ ಅದನ್ನು ದಾಟಿಸಿದ. ಆಮೇಲೆ ಓಟಿಪಿ. ಆ ನಂಬರಿನ ಸಿಮ್ ಇದ್ದದ್ದು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನ ಹತ್ತಿರ. ಮಗನಿಗೆ ಫೋನ್ ಮಾಡಿದರೆ ಮೀಟಿಂಗಿನಲ್ಲಿದ್ದಾನೆ. ಅವನು ತಿರುಗಿ ಫೋನ್ ಮಾಡಿ ಅಂಕಿ ಹೇಳುವ ಹೊತ್ತಿಗೆ ಓಟಿಪಿಯ ಅವಧಿ ಮುಗಿದಿತ್ತು. ‘ನಾಳೆ ಬನ್ನಿ ಅಜ್ಜಿ, ಮಗನಿಗೆ ಮೊದಲೇ ಹೇಳಿರಿ’ ಎಂದ ಹುಡುಗ. ಆಕೆ ಬಸ್ಸಿನ ಹೊತ್ತು ಕೇಳಿಕೊಂಡು ಎದ್ದರು.

ಇಲ್ಲಿ ಯಾವ ತಂತ್ರಾಂಶವೂ ಕೆಟ್ಟಿರಲಿಲ್ಲ. ಪರೀಕ್ಷೆ ಮಾಡಿದವರ ಪಟ್ಟಿಯಲ್ಲಿ ಎಲ್ಲ ಸಾಲಿಗೂ ಸರಿ ಗುರುತು ಬಿದ್ದಿರುತ್ತದೆ. ಬರೆದುಕೊಟ್ಟ ಹಾಗೆ ಅದು ನಡೆದಿದೆ. ಫೋನು ಒಂದು ಮನೆಗೆ ಒಂದೇ ಇರಬಹುದು, ಸಿಮ್ ಮಗನ ಹೆಸರಿನಲ್ಲಿರಬಹುದು, ಮಗ ಊರಲ್ಲಿ ಇಲ್ಲದಿರಬಹುದು ಎಂಬುದು ಮಾತ್ರ ಬರೆದುಕೊಟ್ಟದ್ದರಲ್ಲಿ ಇರಲಿಲ್ಲ.

ಬರೆದುಕೊಟ್ಟದ್ದನ್ನು ಚಾಚೂ ತಪ್ಪದೆ ಮಾಡುವುದೇ ನಮ್ಮ ತಂತ್ರಾಂಶ ಉದ್ಯಮದ ಹೆಮ್ಮೆ, ಅದಕ್ಕೊಂದು ಇತಿಹಾಸವೂ ಇದೆ. ಅಮೆರಿಕದ ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದ ಸಂಸ್ಥೆಯೊಂದು ತಂತ್ರಾಂಶ ಕಂಪನಿಗಳ ಶಿಸ್ತನ್ನು ಅಳೆಯಲು ಸಿಎಂಎಂ ಎಂಬ ಐದು ಮೆಟ್ಟಿಲಿನ ಅಳತೆಗೋಲು ಮಾಡಿತ್ತು. 1990ರ ದಶಕದ ಮೊದಲ ಭಾಗದಲ್ಲೇ ಮೋಟೊರೋಲಾದ ಬೆಂಗಳೂರು ಘಟಕ ಅದರ ಐದನೇ ಮೆಟ್ಟಿಲು ಮುಟ್ಟಿತು. ಜಗತ್ತಿನಲ್ಲೇ ಅಲ್ಲಿಗೆ ಮುಟ್ಟಿದ ಮೊದಲ ಕೆಲವು ಸಂಸ್ಥೆಗಳಲ್ಲಿ ಅದೂ ಒಂದು. ಆಮೇಲೆ ಬೆಂಗಳೂರಿನ ಕಂಪನಿಗಳು ಸಾಲುಸಾಲಾಗಿ ಆ ಮೆಟ್ಟಿಲು ಹತ್ತಿದವು. ಸಾವಿರಾರು ಮೈಲಿ ಆಚೆಯ ಗಿರಾಕಿ, ಮುಖ ನೋಡದ ಕೆಲಸಗಾರರಿಗೆ ಕೆಲಸ ಒಪ್ಪಿಸುವ ಧೈರ್ಯ ಮಾಡಿದ್ದು ಈ ಶಿಸ್ತನ್ನು ನಂಬಿ. ಮಲೆನಾಡು ಎಂಜಿನಿಯರಿಂಗ್ ಕಾಲೇಜು 1960ರಿಂದ ಹಾಸನದಲ್ಲಿದೆ. ಅಲ್ಲಿ ಓದಿದವರೂ ಸೇರಿದಂತೆ ಎಷ್ಟೋ ಮನೆಗಳ ಮಕ್ಕಳು ಆ ಶಿಸ್ತಿನಿಂದ ಅನ್ನ ಕಂಡರು. ಅದನ್ನು ಹಗುರ ಮಾಡಿ ಮಾತಾಡುವುದು ಕೃತಘ್ನತೆ.

ಆದರೆ ಆ ಶಿಸ್ತು ಒಂದು ಅಭ್ಯಾಸವನ್ನೂ ಬಿತ್ತಿತು. ಗಿರಾಕಿ ಎಂದರೆ ಹಣ ಕೊಡುವವನು. ರಿಕ್ವೈರ್‌ಮೆಂಟ್ ಎಂದರೆ ಅವನ ಕಡೆಯವರು ಸಹಿ ಹಾಕಿದ ಕಡತ. ಸಹಿಯಾದ ಮೇಲೆ ಕಡತದಲ್ಲಿ ಇಲ್ಲದ್ದನ್ನು ಯಾರಾದರೂ ಹೇಳಿದರೆ ಅದಕ್ಕೆ ‘ಚೇಂಜ್ ರಿಕ್ವೆಸ್ಟ್’ ಎಂಬ ಹೆಸರು, ಬೇರೆ ದರ, ಬೇರೆ ದಿನಾಂಕ. ಕಾರ್ಯಕ್ರಮದ ಗಡುವು ಮೀರುವ ಭಯದಲ್ಲಿ ಅಂಥ ಮಾತನ್ನು ಆಡದಿರುವುದೇ ಜಾಣತನವಾಗುತ್ತದೆ. ವಿನ್ಯಾಸಕರನ್ನು ಕರೆಯುವುದು ಎಲ್ಲ ಮುಗಿದ ಮೇಲೆ, ಬಣ್ಣ ಮತ್ತು ಗುಂಡಿ ಚೆಂದ ಮಾಡಲು. ಅಷ್ಟು ಹೊತ್ತಿಗೆ ಅವರು ಏನು ಕಂಡುಹಿಡಿದರೂ ಬದಲಾಯಿಸಲು ಉಳಿದಿರುವುದು ಬಣ್ಣ ಮಾತ್ರ. ಸಂಸ್ಥೆಯ ಸಂಸ್ಕೃತಿ ಎಂದು ನಾನು ಹೇಳುವುದು ಇದನ್ನೇ. ಗೋಡೆಯ ಮೇಲೆ ಬರೆದ ಧ್ಯೇಯವಾಕ್ಯವನ್ನಲ್ಲ, ಸಭೆಯಲ್ಲಿ ಯಾರು ಬಾಯಿ ಬಿಟ್ಟರೆ ದಿನಾಂಕ ಮುಂದಕ್ಕೆ ಹೋಗುತ್ತದೆ ಎಂಬುದನ್ನು.

ಇದರಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ ಬೇರೆ. ಮೇಲೆ ಹೇಳಿದ ಅಜ್ಜಿಯ ಮಗನೂ ಬೆಂಗಳೂರಿನಲ್ಲೇ ಇದ್ದಾನೆ. ಅವನಂಥವರು ಸಾವಿರಾರು ಮಂದಿ ತಂತ್ರಾಂಶದ ಕೆಲಸದಲ್ಲೇ ಇದ್ದಾರೆ. 2017ರಲ್ಲಿ ಹಾಸನದಿಂದ ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ ನೇರ ರೈಲು ಬಂದ ಮೇಲಂತೂ ಶನಿವಾರ ಊರಿಗೆ ಬಂದು ಸೋಮವಾರ ಕೆಲಸಕ್ಕೆ ಹಾಜರಾಗುವುದು ಸಲೀಸಾಗಿದೆ. ಅಪ್ಪನ ಪಹಣಿ, ಅಮ್ಮನ ಪಿಂಚಣಿ, ಚಿಕ್ಕಪ್ಪನ ಪೋಡಿ ಇವೆಲ್ಲದರ ಅರ್ಜಿ ತುಂಬಿ ಬೈದುಕೊಳ್ಳುವವರು ಇವರೇ. ಬಳಸುವವರ ಕಷ್ಟ ತಿಳಿಯಲು ಕಂಪನಿಗಳು ದುಬಾರಿ ಸಲಹೆಗಾರರನ್ನು ಕರೆಸುತ್ತವೆ. ಆದರೆ ಆ ಕಷ್ಟವನ್ನು ಮೈಯಲ್ಲಿ ಹೊತ್ತ ಜನ ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ ಕೂತಿರುತ್ತಾರೆ. ಗೇಟಿನಲ್ಲಿ ಗುರುತಿನ ಚೀಟಿ ತೋರಿಸಿ ಒಳಗೆ ಬರುವಾಗ ಆ ತಿಳಿವಳಿಕೆಯನ್ನು ಹೊರಗೇ ಬಿಟ್ಟು ಬರುವುದನ್ನು ಅವರು ಕಲಿತಿದ್ದಾರೆ. ‘ನಮ್ಮ ಊರಿನಲ್ಲಿ ಇದು ನಡೆಯಲ್ಲ ಸಾರ್’ ಎಂದು ಸಭೆಯಲ್ಲಿ ಹೇಳುವುದು ಅಲ್ಲಿ ಮಾಹಿತಿಯಲ್ಲ, ಹಳ್ಳಿಗತನ. ಇದನ್ನು ಬದಲಿಸಲು ಹೊಸ ವಿಭಾಗ ಬೇಡ, ಆ ಮಾತಿಗೆ ಮರ್ಯಾದೆ ಸಿಕ್ಕರೆ ಸಾಕು.

ಮರ್ಯಾದೆ ಸಿಗುವುದು ಹೇಗೆ ಎಂಬುದಕ್ಕೆ ನಮ್ಮಲ್ಲೇ ದೊಡ್ಡ ಉದಾಹರಣೆಯೊಂದಿದೆ: ಭೂಮಿ ಯೋಜನೆ. ಪಹಣಿಗಳನ್ನು ಗಣಕೀಕರಿಸುವ ಪ್ರಯತ್ನ ರಾಜ್ಯದಲ್ಲಿ 1991ರಲ್ಲೇ ಗುಲ್ಬರ್ಗ ಜಿಲ್ಲೆಯಲ್ಲಿ ಆರಂಭವಾಗಿತ್ತು. ಕೆಲವೇ ವರ್ಷಗಳಲ್ಲಿ ಎಲ್ಲ ಜಿಲ್ಲೆಗಳಿಗೂ ಮಂಜೂರಾಯಿತು, ಆದರೂ ನೆಲ ಕಚ್ಚಿತು. ಯಂತ್ರದ ದೋಷದಿಂದಲ್ಲ. ಕಂಪ್ಯೂಟರಿನಲ್ಲಿ ಒಂದು ದಾಖಲೆ, ಗ್ರಾಮ ಲೆಕ್ಕಿಗರ (ಇಂದಿನ ಗ್ರಾಮ ಆಡಳಿತ ಅಧಿಕಾರಿಗಳ) ಕೈಬರಹದಲ್ಲಿ ಇನ್ನೊಂದು. ಕೈಬರಹದ್ದೇ ಕಾನೂನಿಗೆ ಸಲ್ಲುವ ದಾಖಲೆಯಾಗಿ ಉಳಿದಿದ್ದರಿಂದ ಕಂಪ್ಯೂಟರಿನಲ್ಲಿದ್ದದ್ದು ದಿನೇ ದಿನೇ ಹಳಸಿತು. ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ ಕಂದಾಯ ಇಲಾಖೆಯ ರಾಜೀವ್ ಚಾವ್ಲಾ ಮತ್ತು ಕೇಂದ್ರ ಸರ್ಕಾರದ ಗಣಕ ಸಂಸ್ಥೆ ಎನ್‌ಐಸಿಯ ತಂತ್ರಜ್ಞರು ಇದನ್ನು ಮತ್ತೆ ಕೈಗೆತ್ತಿಕೊಂಡರು. ಸುಮಾರು 2 ಕೋಟಿ ಪಹಣಿ, 67 ಲಕ್ಷ ರೈತರು, 177 ತಾಲ್ಲೂಕುಗಳು ಆಗ ಇದರ ವ್ಯಾಪ್ತಿಯಾಗಿತ್ತು. ಈ ಸಲ ತಾಲ್ಲೂಕಿನ ಕೆಲಸ ಮುಗಿದ ಕೂಡಲೇ ಅಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲ ಎಂದು ಸಾರಿದರು. ಕಂದಾಯ ಸಿಬ್ಬಂದಿಯನ್ನು ಕೂರಿಸಿಕೊಂಡು ಕಾರ್ಯಾಗಾರಗಳ ಮೇಲೆ ಕಾರ್ಯಾಗಾರ ನಡೆಸಿದರು. ಟೈಪು ಮಾಡಿದ್ದನ್ನು ಮುದ್ರಿಸಿ ಗ್ರಾಮ ಲೆಕ್ಕಿಗರ ಕೈಗೇ ಕೊಟ್ಟು ತಿದ್ದಿಸಿದರು.

ನನಗೆ ಇಂದಿಗೂ ಪಾಠದಂತೆ ಕಾಣುವುದು ಒಂದು ಸಣ್ಣ ವಿವರ. ಭೂಮಿ ಕೇಂದ್ರದ ಕೌಂಟರಿನಲ್ಲಿ ಎರಡು ಪರದೆ ಇಟ್ಟಿದ್ದರು, ಒಂದು ಸಿಬ್ಬಂದಿಯ ಕಡೆಗೆ, ಇನ್ನೊಂದು ರೈತನ ಕಡೆಗೆ. ಒಳಗೆ ಕೂತವರು ತನ್ನ ಸರ್ವೆ ನಂಬರಿಗೆ ಏನು ಮಾಡುತ್ತಿದ್ದಾರೆ ಎಂದು ಕಿಂಡಿಯ ಹೊರಗೆ ನಿಂತವನು ನೋಡಬಹುದಿತ್ತು. 9ನೇ ಕಲಮಿನಲ್ಲಿ ತನ್ನ ಹೆಸರಿದೆಯೇ, 11ನೇ ಕಲಮಿನಲ್ಲಿ ತೀರಿಸಿದ ಸಾಲ ಇನ್ನೂ ಕೂತಿದೆಯೇ ಎಂದು ಓದಬಹುದಿತ್ತು, ಓದಲು ಬಾರದವನು ಜೊತೆಗೆ ಬಂದವರಿಂದ ಓದಿಸಬಹುದಿತ್ತು. ಆಗ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕು, ಬೇಕಾದವರ ಕಡತವನ್ನು ಮೇಲಕ್ಕೆ ಎತ್ತುವಂತಿಲ್ಲ. ಅಧಿಕಾರ ಹೇಗೆ ಕೈ ಬದಲಾಯಿಸಬೇಕು ಎಂಬ ತೀರ್ಮಾನ ಪರದೆಯ ವಿನ್ಯಾಸದಲ್ಲೇ ಇತ್ತು. 2002ರಲ್ಲಿ ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ಬಳಕೆದಾರರನ್ನು ಕೇಳಿತು. ಹಳೆಯ ಪದ್ಧತಿಯಲ್ಲಿ ಲಂಚ ಕೊಟ್ಟೆವೆಂದವರು ನೂರಕ್ಕೆ 66, ಭೂಮಿ ಕೇಂದ್ರದಲ್ಲಿ ಕೊಟ್ಟೆವೆಂದವರು 3.

ಭೂಮಿಯನ್ನು ಹೊಗಳಿ ಇಲ್ಲಿಗೇ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತೆ. ಬಳಸುವವರು ಎಂದರೆ ಯಾರು ಎಂಬ ಪ್ರಶ್ನೆಗೆ ಅದು ಒಂದು ಉತ್ತರ ಕೊಟ್ಟಿತ್ತು: ಕಿಂಡಿಯ ಹೊರಗಿನ ರೈತ. ಒಳಗಿನ ನೌಕರನ ಕೈ ಕಟ್ಟುವುದೇ ಅದರ ಗುರಿಗಳಲ್ಲೊಂದಾಗಿತ್ತು, ಆ ಕಾಲಕ್ಕೆ ಅದು ನ್ಯಾಯವೂ ಆಗಿತ್ತು. ಆದರೆ 2007ರಲ್ಲಿ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೆಂಗಳೂರಿನ ಸುತ್ತ ಅಧ್ಯಯನ ಮಾಡಿ ಬೇರೆ ಮುಖ ತೋರಿಸಿದರು. ದಾಖಲೆ ಹಳ್ಳಿಯಿಂದ ತಾಲ್ಲೂಕಿಗೆ ಹೋಗಿ ಒಂದೆಡೆ ಸೇರಿದಾಗ, ದೊಡ್ಡ ಪ್ರಮಾಣದಲ್ಲಿ ಜಮೀನು ಹುಡುಕುವವರಿಗೇ ಅದು ಹೆಚ್ಚು ಅನುಕೂಲವಾಯಿತು. ಸಣ್ಣ ರೈತ ತನ್ನ ಊರಿನ ಪರಿಚಯದ ಬಲವನ್ನು ಕಳೆದುಕೊಂಡ ಎಂಬುದು ಅವರ ವಾದ. ಬೆಂಗಳೂರಿನ ಅಂಚಿನ ಮಾತನ್ನು ಅರಕಲಗೂಡಿಗೆ ಹಾಗೆಯೇ ಹೊಂದಿಸಲಾಗದು. ಆದರೂ ವಿನ್ಯಾಸಕ್ಕೆ ಯಾವಾಗಲೂ ಒಂದು ಪಕ್ಷವಿರುತ್ತದೆ, ಆ ಪಕ್ಷ ಯಾವುದೆಂದು ಮೊದಲೇ ಬಾಯಿಬಿಟ್ಟು ಹೇಳಬೇಕು ಎಂಬುದನ್ನು ಅವರ ಕೆಲಸದಿಂದ ಕಲಿಯಬಹುದು.

ಹೇಳದೇ ಹೋದರೆ ಏನಾಗುತ್ತದೆ ಎಂಬುದನ್ನು ಭೂಮಿಯ ನಂತರದ ವರ್ಷಗಳು ತೋರಿಸಿವೆ. ಒಂದೊಂದು ಯೋಜನೆಗೂ ಒಂದೊಂದು ಆ್ಯಪ್ ಬಂತು. ಪ್ರತಿಯೊಂದನ್ನೂ ಬೇರೆ ಬೇರೆ ವಿಭಾಗ ಮಾಡಿಸಿತು, ಪ್ರತಿಯೊಂದಕ್ಕೂ ಬೇರೆ ಲಾಗಿನ್. ಮಾಡಿಸಿದ ವಿಭಾಗಕ್ಕೆ ತನ್ನ ಆ್ಯಪ್ ಒಂದೇ ಕಾಣುತ್ತದೆ. ಹಳೇಕೋಟೆಯಲ್ಲೋ ಕೊಣನೂರಿನಲ್ಲೋ ಕೆಲಸ ಮಾಡುವ ಗ್ರಾಮ ಆಡಳಿತ ಅಧಿಕಾರಿಯ ಒಂದೇ ಮೊಬೈಲಿನಲ್ಲಿ ಅವೆಲ್ಲ ಒಟ್ಟಿಗೆ ಕೂತಿರುತ್ತವೆ. ಒಂದೊಂದು ಆ್ಯಪನ್ನೂ ಬಿಡಿಯಾಗಿ ಪರೀಕ್ಷಿಸಿದರೆ ಪಾಸಾಗಬಹುದು, ಎಲ್ಲವನ್ನೂ ಸೇರಿಸಿ ಒಬ್ಬರ ಒಂದು ದಿನದ ಕೆಲಸವಾಗಿ ಯಾರೂ ನೋಡಿಲ್ಲ. ಎಪ್ಪತ್ತರ ದಶಕದ ಆರಂಭದಲ್ಲಿ ನಾರ್ವೆಯಲ್ಲಿ ಕ್ರಿಸ್ಟನ್ ನ್ಯೂಗಾರ್ಡ್ ಎಂಬ ಗಣಕ ವಿಜ್ಞಾನಿ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘದ ಜೊತೆ ಸೇರಿ ದುಡಿದದ್ದು ಇದಕ್ಕೇ: ಕಾರ್ಖಾನೆಗೆ ಕಂಪ್ಯೂಟರ್ ಬರುವ ಮೊದಲೇ ಅದರ ಬಗ್ಗೆ ಮಾತಾಡುವ ತಿಳಿವಳಿಕೆ ಮತ್ತು ಹಕ್ಕು ಕಾರ್ಮಿಕರಿಗೆ ಇರಬೇಕು ಎಂದು. ಅದರ ಫಲವಾಗಿ ಅಲ್ಲಿ ಸಂಘಗಳಿಗೂ ಆಡಳಿತಕ್ಕೂ ನಡುವೆ ಒಪ್ಪಂದಗಳೇ ಆದವು. ನಮ್ಮ ಗ್ರಾಮ ಆಡಳಿತ ಅಧಿಕಾರಿಗಳ ಸಂಘ 2024ರಲ್ಲಿ ಕೇಳಿದ್ದರಲ್ಲಿ ಒಂದು ಪಾಲು ಅದೇ. ಅದು ಮುಷ್ಕರದ ಪಟ್ಟಿಗೆ ಹೋಗುವ ಮೊದಲು ತಂತ್ರಾಂಶದ ಮೊದಲ ಸಭೆಗೆ ಬರಬೇಕಿತ್ತು.

ನೆಲದ ವೈವಿಧ್ಯ ಕಡತಕ್ಕೆ ಹೇಗೆ ಸಿಗುವುದಿಲ್ಲ ಎಂಬುದಕ್ಕೆ ಬೆಳೆ ಸಮೀಕ್ಷೆಯ ಆ್ಯಪ್ ಸಾಕ್ಷಿ. 2020ರಿಂದ ರೈತರೇ ತಮ್ಮ ಮೊಬೈಲಿನಲ್ಲಿ ಬೆಳೆ ವಿವರ ತುಂಬುವ ಅವಕಾಶ ಬಂತು. ಜಮೀನಿನ ಒಳಗೇ ನಿಂತು ಫೋಟೋ ತೆಗೆಯಬೇಕು ಎಂಬ ನಿಯಮದಿಂದ ಮನೆಯಲ್ಲೇ ಕೂತು ಬರೆಯುವ ಸುಳ್ಳು ಲೆಕ್ಕಕ್ಕೆ ತಡೆ ಬಿತ್ತು, ಒಳ್ಳೆಯದೇ. ಆದರೆ ಚನ್ನರಾಯಪಟ್ಟಣದ ಕಡೆ ತೆಂಗಿನ ಸಾಲಿನ ನಡುವೆ ರಾಗಿಯೋ ಹುರುಳಿಯೋ ಇರುತ್ತದೆ. ಅರಕಲಗೂಡಿನ ಕಡೆ ಶುಂಠಿ ಹಾಕಿದವನು ಗುತ್ತಿಗೆಗೆ ಬಂದವನಿರಬಹುದು, ಪಹಣಿಯಲ್ಲಿ ಇರುವುದು ಮಾಲೀಕನ ಹೆಸರು. ಜಂಟಿ ಖಾತೆಯಲ್ಲಿ ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು ಇಪ್ಪತ್ತು ವರ್ಷವಾಗಿರುತ್ತದೆ, ಪೋಡಿ ಆಗಿರುವುದಿಲ್ಲ. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದು ಊರು ಕಳೆದುಕೊಂಡವರಿಗೆ ಮಂಜೂರಾದ ಜಮೀನುಗಳ ದಾಖಲೆಯಂತೂ ಬೇರೆಯೇ ಕಥೆ. ಇವು ಅಪರೂಪದ ಪ್ರಕರಣಗಳಲ್ಲ, ಈ ತಾಲ್ಲೂಕುಗಳಲ್ಲಿ ದಿನನಿತ್ಯದ ಸಂಗತಿ. ಒಂದು ಮಧ್ಯಾಹ್ನ ನುಗ್ಗೇಹಳ್ಳಿಯ ತೋಟದಲ್ಲೋ ರಾಮನಾಥಪುರದ ತಂಬಾಕಿನ ಹೊಲದಲ್ಲೋ ನಿಂತವರಿಗೆ ಇವು ತಾವಾಗಿಯೇ ಕಾಣುತ್ತವೆ.

ಹಾಗೆ ನಿಂತು ನೋಡಿದವರೂ ಬೆಂಗಳೂರಿನಲ್ಲಿ ಇಲ್ಲದೆ ಇಲ್ಲ. 2005ರಲ್ಲಿ ಆರಂಭವಾದ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿ ಇಂದ್ರಾಣಿ ಮೇಧಿ ಓದುಬರಹ ಬಾರದ ಮನೆಗೆಲಸದ ಹೆಂಗಸರ ಜೊತೆ ಕೂತು, ಕೆಲಸದ ಸುದ್ದಿ ತೋರಿಸುವ, ಅಕ್ಷರವಿಲ್ಲದ ಪರದೆ ಹೇಗಿರಬೇಕೆಂದು ಹುಡುಕಿದರು. ಚಿತ್ರ ಮತ್ತು ಧ್ವನಿ ಇಟ್ಟರಷ್ಟೇ ಸಾಲದು ಎಂದು ಅವರಿಗೆ ಕಂಡಿತು. ಈ ಪೆಟ್ಟಿಗೆಯೊಳಗೆ ಕೆಲಸದ ಸುದ್ದಿ ಬಂದದ್ದು ಎಲ್ಲಿಂದ, ತನಗೆ ಇದರಿಂದ ಏನು ಪ್ರಯೋಜನ ಎಂಬುದೇ ಆ ಹೆಂಗಸರ ಮೊದಲ ಗೊಂದಲ. ಅದನ್ನು ಕಥೆಯಾಗಿ ತೋರಿಸುವ ಸಣ್ಣ ವಿಡಿಯೋ ಸೇರಿಸಿದ ಮೇಲೆ ದಾರಿ ತೆರೆಯಿತು. ಪ್ರಯೋಗಾಲಯದ ಒಳಗೆ ಈ ಗೊಂದಲ ಯಾರ ಊಹೆಗೂ ಬರುವಂಥದ್ದಲ್ಲ. ಆದರೆ ಅದೇ ಪ್ರಯೋಗಾಲಯವನ್ನು ಕಟ್ಟಿದವರಲ್ಲಿ ಒಬ್ಬರಾದ ಕೆಂಟಾರೊ ಟೊಯಾಮಾ 2015ರ ತಮ್ಮ ಪುಸ್ತಕದಲ್ಲಿ ಎಚ್ಚರಿಕೆಯೊಂದನ್ನೂ ಕೊಟ್ಟರು: ತಂತ್ರಜ್ಞಾನ ಇರುವ ಶಕ್ತಿಯನ್ನು ಹಿಗ್ಗಿಸುತ್ತದೆ, ಇಲ್ಲದ್ದನ್ನು ತಂದುಕೊಡುವುದಿಲ್ಲ. ಕೇಳಿಸಿಕೊಳ್ಳುವ ಅಭ್ಯಾಸವಿಲ್ಲದ ಕಚೇರಿಗೆ ಒಳ್ಳೆಯ ಪರದೆ ಕೊಟ್ಟರೂ ಅದು ಕೇಳಿಸಿಕೊಳ್ಳದ ಕಚೇರಿಯಾಗಿಯೇ ಉಳಿಯುತ್ತದೆ ಎಂದು ನಾನು ಅದನ್ನು ಓದಿಕೊಂಡಿದ್ದೇನೆ.

ಹಾಗಾದರೆ ಅಭ್ಯಾಸ ಬದಲಾಗುವುದು ಹೇಗೆ? ತರಬೇತಿ ಶಿಬಿರಗಳಿಂದ ಎಂದು ನನಗೆ ಅನ್ನಿಸುವುದಿಲ್ಲ. ಕಂಪನಿಗಳಲ್ಲಿ ಎರಡು ದಿನದ ಶಿಬಿರ ನಡೆಯುತ್ತದೆ, ಬಣ್ಣದ ಚೀಟಿಗಳನ್ನು ಗೋಡೆಗೆ ಅಂಟಿಸುತ್ತಾರೆ, ಸೋಮವಾರ ಹಳೆಯ ಗಡುವೇ ಕಾದಿರುತ್ತದೆ. ಅಮೆರಿಕದ ವಿನ್ಯಾಸ ತಜ್ಞ ಜೇರೆಡ್ ಸ್ಪೂಲ್ ಹೇಳುವ ಲೆಕ್ಕ ಇದಕ್ಕಿಂತ ನೇರ: ತಂಡದ ಪ್ರತಿಯೊಬ್ಬರೂ, ವ್ಯವಸ್ಥಾಪಕರೂ ಸೇರಿ, ಆರು ವಾರಕ್ಕೊಮ್ಮೆ ಕಡೇಪಕ್ಷ ಎರಡು ಗಂಟೆ ಬಳಸುವವರನ್ನು ಎದುರಿಗೆ ಕೂತು ನೋಡಬೇಕು. ವಿನ್ಯಾಸಕನೊಬ್ಬ ನೋಡಿ ಬಂದು ವರದಿ ಬರೆದರೆ ಅದು ಇನ್ನೊಂದು ಕಡತ. ಕೋಡ್ ಬರೆಯುವವನೇ ಓಟಿಪಿಗಾಗಿ ಫೋನ್ ಹಿಡಿದು ಕೂತ ಮುಖ ನೋಡಿದರೆ, ಅವಧಿ ಎಷ್ಟಿರಬೇಕು ಎಂದು ಯಾರೂ ಅವನಿಗೆ ಬರೆದುಕೊಡಬೇಕಿಲ್ಲ. ಬ್ರಿಟನ್ ಸರ್ಕಾರ 2014ರಲ್ಲಿ ತನ್ನ ಡಿಜಿಟಲ್ ಸೇವೆಗಳಿಗೆ ಮಾಡಿದ ನಿಯಮಾವಳಿಯ ಕೊನೆಯ ಅಂಶವೂ ಇದೇ ದಾರಿಯದಾಗಿತ್ತು: ಸೇವೆ ಜನರಿಗೆ ತೆರೆಯುವ ಮೊದಲು ಆ ಖಾತೆಯ ಸಚಿವರೇ ಮೊದಲಿಂದ ಕೊನೆವರೆಗೆ ಅದನ್ನು ಬಳಸಿ ನೋಡಬೇಕು.

ನಮ್ಮಲ್ಲಿ ಇದರ ಬೀಗದ ಕೈ ಟೆಂಡರಿನಲ್ಲಿದೆ. ಸರ್ಕಾರಿ ತಂತ್ರಾಂಶದ ಹಣ ಬಿಡುಗಡೆಯಾಗುವುದು ಕಡತಕ್ಕೆ ಸಹಿ ಬಿದ್ದಾಗ, ಸರ್ವರಿಗೆ ತಂತ್ರಾಂಶ ಏರಿದಾಗ. ಅಧಿಕಾರಿಯನ್ನೋ ಕಂಪನಿಯನ್ನೋ ಬೈದು ಫಲವಿಲ್ಲ. ಹಣ ಎಲ್ಲಿಗೆ ಕಟ್ಟಿದೆಯೋ ಗಮನವೂ ಅಲ್ಲಿಗೇ ಹೋಗುತ್ತದೆ. ಕೊನೆಯ ಕಂತನ್ನು ಬೇರೆ ಕಡೆ ಕಟ್ಟಿದರೆ ಬೇರೆ ಗಮನ ಹುಟ್ಟುತ್ತದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕೂ ಬೆಳೆಯಲ್ಲಿ, ದಾಖಲೆಯ ತೊಡಕಿನಲ್ಲಿ ಒಂದಕ್ಕೊಂದು ಸಾಕಷ್ಟು ಬೇರೆ. ಪರೀಕ್ಷೆಗೆ ಹೇಳಿ ಮಾಡಿಸಿದಂತಿವೆ. ಹೊಸ ಸೇವೆಯೊಂದನ್ನು ರಾಜ್ಯಕ್ಕೆಲ್ಲ ಬಿಡುವ ಮೊದಲು ಒಂದೊಂದು ನಾಡಕಚೇರಿಯಲ್ಲಿ ಒಂದು ತಿಂಗಳು ನಡೆಸಿ, ಬಂದವರಲ್ಲಿ ಎಷ್ಟು ಜನ ಅದೇ ದಿನ ಕೆಲಸ ಮುಗಿಸಿಕೊಂಡು ಹೋದರು, ಎಷ್ಟು ಜನ ಮತ್ತೆ ಬರಬೇಕಾಯಿತು, ಏಕೆ ಬರಬೇಕಾಯಿತು ಎಂದು ಬರೆದಿಡಲಿ. ಬರೆದಿಡುವ ಕೆಲಸವನ್ನು ಹಾಸನದ ಎಂಜಿನಿಯರಿಂಗ್ ಕಾಲೇಜುಗಳ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟಾಗಿ ಕೊಡಬಹುದು. ಹೇಗೂ ಅವರು ಯಾವುದಾದರೊಂದು ಪ್ರಾಜೆಕ್ಟ್ ಮಾಡಲೇಬೇಕು. ಗ್ರಾಮ ಆಡಳಿತ ಅಧಿಕಾರಿ ಮತ್ತು ಸೇವಾ ಕೇಂದ್ರದ ನಿರ್ವಾಹಕರ ಟಿಪ್ಪಣಿಯೂ ಅದರ ಜೊತೆಗಿರಲಿ, ಅವರ ಸಹಿಯಿಲ್ಲದೆ ಕೊನೆಯ ಕಂತು ಹೋಗದಿರಲಿ. ಎರಡನೇ ಸಲ ಬರಬೇಕಾದವರ ಸಂಖ್ಯೆ ಒಪ್ಪಿದ ಮಿತಿಗೆ ಇಳಿಯುವವರೆಗೆ ತಿದ್ದುವ ಕೆಲಸ ಮೂಲ ದರದಲ್ಲೇ ಸೇರಿರಬೇಕು, ಚೇಂಜ್ ರಿಕ್ವೆಸ್ಟ್ ಎಂದು ಬೇರೆ ಬಿಲ್ ಆಗಬಾರದು. ಇದರಿಂದ ಟೆಂಡರಿನ ಮೊತ್ತ ಮೊದಲಿಗೆ ಏರುತ್ತದೆ, ಗಡುವೂ ಎರಡು ಮೂರು ತಿಂಗಳು ಮುಂದಕ್ಕೆ ಹೋಗುತ್ತದೆ. ಆ ಮೊತ್ತವನ್ನೂ ಆ ತಿಂಗಳುಗಳನ್ನೂ ಈಗ ಬಸ್ ಚಾರ್ಜು ಕೊಟ್ಟು, ಕೂಲಿ ಬಿಟ್ಟು ಭರಿಸುತ್ತಿರುವವರು ಕಿಂಡಿಯ ಹೊರಗಿನ ಜನ. ಅದು ಇಲಾಖೆಯ ಆಯವ್ಯಯಕ್ಕೆ ಬರಲಿ ಎಂಬುದೇ ನನ್ನ ಬೇಡಿಕೆ.